ಹಿರಿಯರ ವಸತಿಯಲ್ಲಿ ಥ್ಯಾಂಕ್ಸ್‌ಗಿವಿಂಗ್: ಅಪ್ಪ ಅಮ್ಮನನ್ನೇ ಆತಿಥೇಯರನ್ನಾಗಿಸುವುದು ಹೇಗೆ?

ಸೆಪ್ಟೆಂಬರ್ ಮುಗಿಯುತ್ತಾ ಬಂದಂತೆ ಅಮೆರಿಕದಲ್ಲಿರುವ ಕನ್ನಡ ಓದುಗರು ಒಂದೇ ವಿಷಯವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಅಪ್ಪನೋ ಅಮ್ಮನೋ ಹಿರಿಯರ ವಸತಿ ಸಮುದಾಯದಲ್ಲಿದ್ದಾರೆ, ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬ ಬರುತ್ತದೆ. ಅವರನ್ನು ಮನೆಗೆ ಕರೆತರಬೇಕೇ, ನಾವೇ ಅಲ್ಲಿಗೆ ಹೋಗಬೇಕೇ? ಮನೆಯಡುಗೆ ಒಯ್ಯಬಹುದೇ? ನೋಡಿಕೊಳ್ಳುವ ಸಿಬ್ಬಂದಿಗೆ ದುಡ್ಡು ಕೊಟ್ಟರೆ ತಪ್ಪಾಗುತ್ತದೆಯೇ? ಇವಕ್ಕೆಲ್ಲ ಒಟ್ಟಿಗೆ ಉತ್ತರ ಕೊಡಲು ಈ ಲೇಖನ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಇಂಥ ವಸತಿಗಳಲ್ಲಿ ಹಿರಿಯರ ಕೆಲಸಗಳನ್ನೆಲ್ಲ ಬೇರೆಯವರೇ ಮಾಡುತ್ತಾರೆ. ಅಡುಗೆ, ಬಟ್ಟೆ, ಔಷಧ, ಕೆಲವರಿಗೆ ಸ್ನಾನ ಕೂಡ. ದಿನವಿಡೀ ಪಡೆಯುವುದೇ ಅವರ ಪಾಲು. ಹಬ್ಬದ ದಿನವೂ ನಾವು ಹೋಗಿ ಶಾಲು ಹೊದಿಸಿ, ಸಿಹಿ ಕೊಟ್ಟು, ಫೋಟೊ ತೆಗೆದುಕೊಂಡು ಬಂದರೆ ಪಡೆದದ್ದರ ಪಟ್ಟಿಗೆ ಇನ್ನೊಂದು ಸೇರುತ್ತದೆ, ಅಷ್ಟೆ. ಕೃತಜ್ಞತೆಯ ಹಬ್ಬದಲ್ಲಿ ಅವರಿಗೆ ನಿಜವಾಗಿ ಬೇಕಾಗಿರುವುದು ಕೊಡುವ ಅವಕಾಶ. ಬನ್ನಿ ಎಂದು ಕರೆಯುವ, ಕೂರಿಸಿ ಬಡಿಸುವ, ತಮ್ಮ ಬಾಯಿಂದಲೇ ಧನ್ಯವಾದ ಹೇಳುವ ಅವಕಾಶ. ಕೆಳಗಿನ ಹಂತಗಳನ್ನೆಲ್ಲ ಈ ಉದ್ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹಂತ 1: ವಸತಿ ಯಾವ ಬಗೆಯದು ಎಂದು ಖಚಿತಪಡಿಸಿಕೊಳ್ಳಿ

ಎಲ್ಲವನ್ನೂ ‘ಸೀನಿಯರ್ ಲಿವಿಂಗ್’ ಎಂದೇ ಕರೆದರೂ ಒಳಗೆ ಬಗೆಗಳಿವೆ. ನಿಮ್ಮ ಹಬ್ಬದ ಯೋಜನೆಯಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಅದರ ಮೇಲೆಯೇ ನಿಂತಿದೆ.

ಇಂಡಿಪೆಂಡೆಂಟ್ ಲಿವಿಂಗ್ ಎಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರ ಅಪಾರ್ಟ್‌ಮೆಂಟುಗಳು. ಸಾಮಾನ್ಯವಾಗಿ ಸ್ವಂತ ಅಡುಗೆಮನೆ ಇರುತ್ತದೆ. ಹೋಗಿಬರಲು ಯಾರ ಅಪ್ಪಣೆಯೂ ಬೇಕಿಲ್ಲ. ಅಸಿಸ್ಟೆಡ್ ಲಿವಿಂಗ್‌ನಲ್ಲಿ ಸ್ನಾನ, ಉಡುಪು, ಔಷಧಗಳಿಗೆ ಸಿಬ್ಬಂದಿಯ ನೆರವಿರುತ್ತದೆ. ಇದರ ನಿಯಮಗಳನ್ನು ಆಯಾ ರಾಜ್ಯ ಸರ್ಕಾರಗಳು ಮಾಡುತ್ತವೆ. ಹಾಗಾಗಿ ಟೆಕ್ಸಾಸ್‌ನಲ್ಲಿರುವ ಗೆಳೆಯರ ಅನುಭವ ನ್ಯೂಜೆರ್ಸಿಯಲ್ಲಿರುವ ನಿಮಗೆ ಹೊಂದದಿರಬಹುದು. ಮೆಮೊರಿ ಕೇರ್ ಮರೆವಿನ ಕಾಯಿಲೆ ಇರುವವರ ವಿಭಾಗ. ಬಾಗಿಲುಗಳಿಗೆ ಸಂಕೇತ ಸಂಖ್ಯೆಯ ಬೀಗ ಇರುವುದು ಸಾಮಾನ್ಯ. ಇನ್ನು ಸ್ಕಿಲ್ಡ್ ನರ್ಸಿಂಗ್ ಎಂದರೆ ದಿನದ ಇಪ್ಪತ್ನಾಲ್ಕು ಗಂಟೆಯೂ ಶುಶ್ರೂಷೆ ಸಿಗುವ ನರ್ಸಿಂಗ್ ಹೋಮ್. ಇಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಅನ್ವಯಿಸುತ್ತವೆ.

ಒಂದೇ ಆವರಣದಲ್ಲಿ ಈ ನಾಲ್ಕೂ ಇರಬಹುದು. ಅಪ್ಪ ಒಂದು ಕಟ್ಟಡದಲ್ಲಿ, ಅಮ್ಮ ಇನ್ನೊಂದರಲ್ಲಿ ಇರುವ ಕುಟುಂಬಗಳೂ ಇವೆ. ಆಗ ಹೆಚ್ಚು ನೆರವು ಬೇಕಾದವರು ಇರುವ ಕಡೆಯೇ ಊಟ ಇಟ್ಟುಕೊಳ್ಳಿ.

ಹಂತ 2: ತಾರೀಖುಗಳನ್ನು ಸೆಪ್ಟೆಂಬರಿನಲ್ಲೇ ಗುರುತು ಹಾಕಿ

ಥ್ಯಾಂಕ್ಸ್‌ಗಿವಿಂಗ್ ನವೆಂಬರಿನ ನಾಲ್ಕನೇ ಗುರುವಾರ ಬರುತ್ತದೆ, ಅಂದರೆ 22ರಿಂದ 28ರ ನಡುವೆ. ಅಧ್ಯಕ್ಷ ಲಿಂಕನ್ 1863ರಲ್ಲಿ ಇದನ್ನು ರಾಷ್ಟ್ರೀಯ ದಿನವೆಂದು ಸಾರಿದಾಗ ನವೆಂಬರಿನ ಕೊನೆಯ ಗುರುವಾರ ಎಂದಿತ್ತು. ನಾಲ್ಕನೇ ಗುರುವಾರ ಎಂಬುದನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ 1941ರಲ್ಲಿ ಕಾಯ್ದೆ ಮಾಡಿ ನಿಲ್ಲಿಸಿತು.

ವಸತಿಯ ಊಟದ ಕೋಣೆಯಲ್ಲಿ ಹಬ್ಬದ ಊಟಕ್ಕೆ ಹೊರಗಿನವರು ಬರಬೇಕಾದರೆ ಮುಂಚಿತವಾಗಿ ಹೆಸರು ಕೊಡಬೇಕು. ಎಷ್ಟು ದಿನ ಮುಂಚೆ, ಒಬ್ಬ ಹಿರಿಯರಿಗೆ ಎಷ್ಟು ಅತಿಥಿಗಳು, ಎಷ್ಟು ಗಂಟೆಗೆ ಎಂಬ ಮೂರನ್ನೂ ಈಗಲೇ ಕೇಳಿಕೊಳ್ಳಿ. ಅನೇಕ ಕಡೆ ಆ ದಿನದ ದೊಡ್ಡ ಊಟ ಮಧ್ಯಾಹ್ನವೇ ಮುಗಿಯುತ್ತದೆ. ಸಂಜೆಗೆ ಸೂಪು, ಸ್ಯಾಂಡ್‌ವಿಚ್ ಮಾತ್ರ. ಸಂಜೆ ಐದಕ್ಕೆ ಹೋಗಿ ಬಾಗಿಲು ಮುಚ್ಚಿದ ಊಟದ ಕೋಣೆ ನೋಡುವ ಕುಟುಂಬಗಳು ಪ್ರತಿ ವರ್ಷವೂ ಇರುತ್ತವೆ. ಕುಟುಂಬಗಳಿಗೆಂದೇ ಪ್ರತ್ಯೇಕ ಚಿಕ್ಕ ಊಟದ ಕೋಣೆ ಇದೆಯೇ ಎಂದೂ ವಿಚಾರಿಸಿ. ಇದ್ದರೆ ಅದಕ್ಕೆ ಪೈಪೋಟಿ ಇರುತ್ತದೆ, ಅಕ್ಟೋಬರ್ ಮೊದಲ ವಾರದೊಳಗೆ ಕಾಯ್ದಿರಿಸಿ.

ನವೆಂಬರಿನ ಮೊದಲ ಭಾನುವಾರ ನಸುಕಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅರಿಜೋನಾದ ಬಹುಭಾಗ ಮತ್ತು ಹವಾಯಿ ಬಿಟ್ಟರೆ ಎಲ್ಲೆಡೆಯೂ ಹೀಗೆಯೇ. ಅಂದಿನಿಂದ ಉತ್ತರದ ರಾಜ್ಯಗಳಲ್ಲಿ ನಾಲ್ಕೂವರೆ, ಐದಕ್ಕೆಲ್ಲ ಕತ್ತಲು. ಮರೆವಿನ ಕಾಯಿಲೆ ಇರುವ ಹಲವರಲ್ಲಿ ಸಂಜೆಯಾಗುತ್ತಿದ್ದಂತೆ ಗೊಂದಲ, ಆತಂಕ ಏರುತ್ತದೆ. ಇದನ್ನು ಇಲ್ಲಿನ ನರ್ಸುಗಳು ‘ಸನ್‌ಡೌನಿಂಗ್’ ಎನ್ನುತ್ತಾರೆ. ಕತ್ತಲು ಬೇಗ ಬಂದರೆ ಇದೂ ಬೇಗ ಬರಬಹುದು. ಕೋಣೆಯ ಗೋಡೆ ಗಡಿಯಾರವನ್ನು ನೀವೇ ಸರಿಪಡಿಸಿ, ಸಂಜೆಯ ಭೇಟಿಗಳನ್ನು ಬೆಳಿಗ್ಗೆ ಹತ್ತು, ಹನ್ನೊಂದಕ್ಕೆ ಬದಲಾಯಿಸಿ.

ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಮೆಡಿಕೇರ್ ಯೋಜನೆ ಬದಲಾಯಿಸುವ ಅವಧಿ. ಮೆಡಿಕೇರ್ ಎಂದರೆ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ. ಮುಂದಿನ ವರ್ಷ ಅಪ್ಪನ ಔಷಧಗಳು ಈಗಿನ ಯೋಜನೆಯಲ್ಲಿ ಇರುತ್ತವೆಯೇ ಎಂದು ಈ ಅವಧಿಯಲ್ಲಿ ನೋಡಬೇಕು. ಆದರೆ ಹಬ್ಬದ ಊಟದ ಮೇಜಿನ ಮೇಲೆ ಈ ಕಾಗದಗಳನ್ನು ಹರಡಬೇಡಿ. ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಹಂತ 3: ಲಸಿಕೆ, ಆಮೇಲೆ ಬಣ್ಣದ ಎಲೆಗಳು

ಹಬ್ಬದ ಗುಂಪು ಸೇರುವ ಮೊದಲು ಫ್ಲೂ ಜ್ವರದ ಲಸಿಕೆ ಆಗಿರಬೇಕು. ಫ್ಲೂ ಲಸಿಕೆಗೆ ಸೆಪ್ಟೆಂಬರ್, ಅಕ್ಟೋಬರ್ ಸರಿಯಾದ ಕಾಲ. ಹಾಕಿಸಿದ ಮೇಲೆ ದೇಹದಲ್ಲಿ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. 65 ದಾಟಿದವರಿಗೆ ಹೆಚ್ಚು ಶಕ್ತಿಯ ಬೇರೆ ಬಗೆಯ ಲಸಿಕೆಗಳಿವೆ, ಅವನ್ನೇ ಕೇಳಿ ಹಾಕಿಸಿ. 75 ದಾಟಿದವರು ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಸೋಂಕಿನ ಲಸಿಕೆಯನ್ನು ಇನ್ನೂ ಹಾಕಿಸಿಕೊಂಡಿಲ್ಲದಿದ್ದರೆ ಈ ಬಗ್ಗೆಯೂ ವೈದ್ಯರೊಂದಿಗೆ ಮಾತನಾಡಿ. ನೀವು ಮತ್ತು ಮಕ್ಕಳು ಹಾಕಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಸೋಂಕು ಹೆಚ್ಚಾಗಿ ಒಳಗೆ ಬರುವುದು ಹೊರಗಿನಿಂದ ಹೋಗುವವರ ಜೊತೆಗೇ.

ಈಗ ಸಂತೋಷದ ವಿಷಯ. ಈ ದೇಶದ ಶರತ್ಕಾಲ ಹಿರಿಯರಿಗೆ ಹೇಳಿ ಮಾಡಿಸಿದ ಕಾಲ. ಬಿಸಿಲು ಮೆತ್ತಗಿರುತ್ತದೆ, ಹಿಮ ಇನ್ನೂ ಬಂದಿರುವುದಿಲ್ಲ. ಹಗಲು ಚಿಕ್ಕದಾದಂತೆ ಎಲೆಯ ಹಸಿರು ಕರಗಿ, ಒಳಗೇ ಅಡಗಿದ್ದ ಹಳದಿ ಮತ್ತು ಕಿತ್ತಳೆ ಹೊರಗೆ ಕಾಣುತ್ತವೆ. ಮೇಪಲ್ ಮುಂತಾದ ಮರಗಳಲ್ಲಿ ಕೆಂಪು ಹೊಸದಾಗಿ ಹುಟ್ಟಿಕೊಳ್ಳುತ್ತದೆ. ನ್ಯೂ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಬಣ್ಣ ತುಂಬಿರುತ್ತದೆ. ವರ್ಜೀನಿಯಾದ ಶೆನಾಂಡೋವಾ ಉದ್ಯಾನದಲ್ಲಿ ಅಕ್ಟೋಬರ್ ನಡುವಿನ ನಂತರ. ಅಲ್ಲಿನ ಸ್ಕೈಲೈನ್ ಡ್ರೈವ್ 105 ಮೈಲಿ ಉದ್ದದ ರಸ್ತೆ, ವೇಗದ ಮಿತಿ ಗಂಟೆಗೆ 35 ಮೈಲಿ, ಉದ್ದಕ್ಕೂ ಕಾರು ನಿಲ್ಲಿಸಿ ನೋಡುವ ತಾಣಗಳು. ನಡೆಯಲಾಗದವರು ಕಾರಿನಿಂದ ಇಳಿಯದೆಯೇ ಬೆಟ್ಟಗಳ ಬಣ್ಣವನ್ನು ಕಣ್ತುಂಬಿಕೊಳ್ಳಬಹುದು.

ಇಲ್ಲಿಯೂ ಹಿರಿಯರನ್ನೇ ಆತಿಥೇಯರನ್ನಾಗಿಸುವ ದಾರಿಯೊಂದಿದೆ, ಬಹಳ ಮಂದಿಗೆ ಗೊತ್ತಿಲ್ಲ. 62 ದಾಟಿದ ಅಮೆರಿಕದ ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವವರಿಗೂ ರಾಷ್ಟ್ರೀಯ ಉದ್ಯಾನಗಳ ಸೀನಿಯರ್ ಪಾಸ್ ಸಿಗುತ್ತದೆ. ಜೀವನಪರ್ಯಂತದ ಪಾಸ್‌ಗೆ 80 ಡಾಲರ್, ಒಂದು ವರ್ಷದ್ದಕ್ಕೆ 20 ಡಾಲರ್. ವಾಹನದ ಲೆಕ್ಕದಲ್ಲಿ ಶುಲ್ಕ ಇರುವ ಕಡೆ ಅವರ ಪಾಸ್‌ನಲ್ಲೇ ಕಾರಿನಲ್ಲಿರುವ ಎಲ್ಲರೂ ಒಳಗೆ ಹೋಗಬಹುದು. ದ್ವಾರದಲ್ಲಿ ಕಾರ್ಡನ್ನು ಅಪ್ಪನ ಕೈಯಿಂದಲೇ ಕೊಡಿಸಿ. ಟೆನೆಸಿ ಮತ್ತು ನಾರ್ತ್ ಕ್ಯಾರೊಲಿನಾ ಗಡಿಯ ಸ್ಮೋಕಿ ಮೌಂಟನ್ಸ್ ಉದ್ಯಾನಕ್ಕಂತೂ ಪ್ರವೇಶ ಶುಲ್ಕವೇ ಇಲ್ಲ. ಆದರೆ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಲು ಪಾರ್ಕಿಂಗ್ ಟ್ಯಾಗ್ ಬೇಕು, ಅದಕ್ಕೆ ಈ ಪಾಸ್ ನಡೆಯುವುದಿಲ್ಲ.

ಎಚ್ಚರಿಕೆ: ಉದುರಿದ ಎಲೆಗಳು ನೆನೆದರೆ ವಿಪರೀತ ಜಾರುತ್ತವೆ, ಅಡಿಯಲ್ಲಿರುವ ಗುಂಡಿ, ಮೆಟ್ಟಿಲಂಚು ಕಾಣುವುದಿಲ್ಲ. ವಾಕರ್‌ನ ರಬ್ಬರ್ ಬುಡ ಸವೆದಿದೆಯೇ ನೋಡಿ. ಚಪ್ಪಲಿಯಲ್ಲಿ ಹೊರಗೆ ಕರೆದೊಯ್ಯಬೇಡಿ.

ಹಂತ 4: ಅಲ್ಲಿಯೋ, ಮನೆಯಲ್ಲಿಯೋ?

ಹೆಚ್ಚು ಮಕ್ಕಳು ಎಡವುವುದು ಇಲ್ಲಿ. ಮನೆಗೆ ಕರೆತರದಿದ್ದರೆ ಕರ್ತವ್ಯ ತಪ್ಪಿದಂತೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಕರೆತರುವುದು ಅವರ ಸಂತೋಷಕ್ಕೋ, ನಮ್ಮ ಸಮಾಧಾನಕ್ಕೋ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ನೇರವಾಗಿ ಅವರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ‘ಅಮ್ಮಾ, ಹಬ್ಬಕ್ಕೆ ನೀವು ನಮ್ಮ ಮನೆಗೆ ಬರುತ್ತೀರಾ, ನಾವೇ ನಿಮ್ಮ ಮನೆಗೆ ಬರೋಣವೇ?’ ಎಂದು ಕೇಳಿ. ಅವರ ಕೋಣೆಯನ್ನು ‘ನಿಮ್ಮ ಮನೆ’ ಎಂದು ನೀವು ಹೇಳಿದ್ದನ್ನು ಅವರು ಗಮನಿಸದೆ ಇರುವುದಿಲ್ಲ.

ಮನೆಗೆ ಕರೆತರುವುದಾದರೆ ಇವಿಷ್ಟನ್ನು ನೋಡಿಕೊಳ್ಳಬೇಕು. ಬಾಗಿಲಿಗೆ ಎಷ್ಟು ಮೆಟ್ಟಿಲು? ನೆಲಮಹಡಿಯಲ್ಲಿ ಶೌಚಾಲಯ ಇದೆಯೇ, ಅದರ ಬಾಗಿಲಲ್ಲಿ ವಾಕರ್ ಹಿಡಿಸುತ್ತದೆಯೇ? ಗಾಲಿಕುರ್ಚಿಯಿಂದ ಕಾರಿಗೆ ದಾಟಿಸುವುದು ಬಲದ ಕೆಲಸಕ್ಕಿಂತ ಹೆಚ್ಚಾಗಿ ಕ್ರಮದ ಕೆಲಸ. ವಸತಿಯ ಫಿಸಿಕಲ್ ಥೆರಪಿಸ್ಟ್ ಅವರಿಂದ ಒಂದು ವಾರ ಮುಂಚೆ ಕಲಿತು, ಒಮ್ಮೆ ಅವರ ಎದುರಿಗೇ ಮಾಡಿ ನೋಡಿ. ಹೊರಡುವಾಗ ಹೊರಹೋಗುವ ಪುಸ್ತಕದಲ್ಲಿ ಸಹಿ ಹಾಕಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂದು ಬರೆಯಿರಿ. ಆ ಅವಧಿಯ ಔಷಧಗಳನ್ನು ನರ್ಸ್ ಹೊತ್ತುಹೊತ್ತಿಗೆ ಬೇರೆ ಮಾಡಿ ಕೊಡುತ್ತಾರೆ, ಆದರೆ ಇದಕ್ಕೆ ಮುಂಚಿತವಾಗಿ ಹೇಳಿರಬೇಕು. ಆಮ್ಲಜನಕದ ಸಿಲಿಂಡರ್ ಇದ್ದರೆ ಎಷ್ಟು ಗಂಟೆ ಬರುತ್ತದೆ ಎಂದು ಕೇಳಿಕೊಳ್ಳಿ, ಮನೆಯಲ್ಲಿ ಒಲೆ ಉರಿಯುವ ಕಡೆಯಿಂದ ದೂರ ಕೂರಿಸಿ. ಕತ್ತಲಾಗುವ ಮೊದಲು ಹಿಂದಿರುಗಿಸಿ.

ಆಸ್ಪತ್ರೆಯಿಂದ ಬಂದು ನರ್ಸಿಂಗ್ ಹೋಮ್‌ನಲ್ಲಿ ಮೆಡಿಕೇರ್ ಖರ್ಚಿನಲ್ಲಿ ಚೇತರಿಸಿಕೊಳ್ಳುತ್ತಿರುವವರ ಮಕ್ಕಳು ಒಂದು ಹೆದರಿಕೆಯನ್ನು ಪದೇ ಪದೇ ಹೇಳಿಕೊಳ್ಳುತ್ತಾರೆ: ಹೊರಗೆ ಕರೆದೊಯ್ದರೆ ವಿಮೆ ನಿಲ್ಲುತ್ತದಂತೆ! ಹಬ್ಬದ ಊಟಕ್ಕೆ ಕೆಲವು ಗಂಟೆ ಹೋಗಿಬಂದ ಮಾತ್ರಕ್ಕೆ ಮೆಡಿಕೇರ್ ಸೌಲಭ್ಯ ತಪ್ಪುವುದಿಲ್ಲ. ಮಧ್ಯರಾತ್ರಿಯ ಲೆಕ್ಕ ಮಾತ್ರ ನೆನಪಿರಲಿ. ರಾತ್ರಿ ಹನ್ನೆರಡಕ್ಕೆ ಹಾಸಿಗೆಯಲ್ಲಿ ಇರದಿದ್ದರೆ ಆ ದಿನಕ್ಕೆ ಮೆಡಿಕೇರ್ ಹಣ ಕೊಡುವುದಿಲ್ಲ. ಹಾಸಿಗೆ ಉಳಿಸಿಡಲು ಸಂಸ್ಥೆ ನಿಮ್ಮಿಂದ ಹಣ ಕೇಳಬಹುದು. ರಾತ್ರಿ ತಂಗುವ ಯೋಚನೆ ಬೇಡ.

ಅಲ್ಲಿಗೆ ನೀವೇ ಹೋಗುವುದಾದರೆ ಹಿರಿಯರ ಹೆಸರಿನಲ್ಲೇ ಮೇಜು ಕಾಯ್ದಿರಿಸಿ. ಅತಿಥಿಗಳ ಊಟದ ಹಣವನ್ನು ಎಷ್ಟೋ ಕಡೆ ಅವರ ತಿಂಗಳ ಬಿಲ್ಲಿಗೆ ಸೇರಿಸುತ್ತಾರೆ. ಮಕ್ಕಳು ಅಲ್ಲಿಯೇ ಕಾರ್ಡ್ ತೆಗೆದು ‘ನಾನು ಕೊಡುತ್ತೇನೆ’ ಎಂದು ವಾದಕ್ಕಿಳಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗನಿಗೆ, ಮೊಮ್ಮಕ್ಕಳಿಗೆ ತನ್ನ ಲೆಕ್ಕದಲ್ಲಿ ಊಟ ಹಾಕಿದೆ ಎಂಬ ಹೆಮ್ಮೆಯನ್ನು ಕಿತ್ತುಕೊಳ್ಳಬೇಡಿ. ಅವರ ಖಾತೆಯನ್ನು ನೀವೇ ತುಂಬುವವರಾದರೂ ಅಂದು ಸಹಿ ಅವರದಾಗಿರಲಿ.

ಭೇಟಿಗೇ ಅಡ್ಡಿ ಬಂದರೆ ಏನು ಮಾಡಬೇಕು? ಮೆಡಿಕೇರ್ ಅಥವಾ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಮಾನ್ಯತೆ ಇರುವ ನರ್ಸಿಂಗ್ ಹೋಮ್‌ಗಳಲ್ಲಿ ತಮಗೆ ಬೇಕಾದವರನ್ನು, ಬೇಕಾದ ಹೊತ್ತಿನಲ್ಲಿ ಬರಮಾಡಿಕೊಳ್ಳುವುದು ನಿವಾಸಿಗಳ ಹಕ್ಕು. ಸೋಂಕು, ಸುರಕ್ಷತೆಯಂಥ ಸಕಾರಣಗಳಿಗೆ ಮಾತ್ರ ಮಿತಿ ಹಾಕಬಹುದು. ಪ್ರತಿ ರಾಜ್ಯದಲ್ಲೂ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. ನರ್ಸಿಂಗ್ ಹೋಮ್ ಮತ್ತು ಅಸಿಸ್ಟೆಡ್ ಲಿವಿಂಗ್ ನಿವಾಸಿಗಳ ದೂರುಗಳನ್ನು ಶುಲ್ಕವಿಲ್ಲದೆ ಕೇಳಿ ಪರಿಹರಿಸಲು ಯತ್ನಿಸುವವರು ಇವರು. ನಿಮ್ಮ ಭಾಗದ ಒಂಬುಡ್ಸ್‌ಮನ್ ಯಾರೆಂದು ತಿಳಿಯಲು ಸರ್ಕಾರದ ಎಲ್ಡರ್‌ಕೇರ್ ಲೊಕೇಟರ್ ಸೇವೆಗೆ 1-800-677-1116ರಲ್ಲಿ ಕರೆ ಮಾಡಬಹುದು.

ಹಂತ 5: ಊಟ

ಸಸ್ಯಾಹಾರಿ ಹಿರಿಯರಿಗೆ ಈ ಹಬ್ಬದ ಮೇಜು ಕಷ್ಟದ ಜಾಗ. ಟರ್ಕಿ ಕೋಳಿಯನ್ನು ಬಿಟ್ಟರಾಯಿತು, ಉಳಿದದ್ದೆಲ್ಲ ತರಕಾರಿಯೇ ಎಂದುಕೊಂಡರೆ ಮೋಸ ಹೋಗುತ್ತೀರಿ. ಸ್ಟಫಿಂಗ್ ಎಂಬ ಬ್ರೆಡ್ಡಿನ ಪಲ್ಯವನ್ನು ಮಾಂಸದ ಸಾರಿನಲ್ಲಿ ನೆನೆಸಿರುತ್ತಾರೆ. ಆಲೂಗಡ್ಡೆಯ ಮೇಲೆ ಸುರಿಯುವ ಗ್ರೇವಿ ಟರ್ಕಿಯ ರಸದ್ದು. ಹುರುಳಿಕಾಯಿಯಲ್ಲಿ ಬೇಕನ್ ಎಂಬ ಹಂದಿಮಾಂಸದ ಚೂರುಗಳಿರಬಹುದು, ಸಿಹಿಗೆಣಸಿನ ಮೇಲಿನ ಬಿಳಿ ಮಾರ್ಷ್‌ಮೆಲೋದಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಕೆಲವು ಪೈಗಳ ಹೊರಪದರಕ್ಕೆ ಹಂದಿಯ ಕೊಬ್ಬು ಬಳಸುತ್ತಾರೆ. ‘ವೆಜಿಟೇರಿಯನ್’ ಎಂದಷ್ಟೇ ಹೇಳದೆ ಅಡುಗೆಮನೆಯ ಮುಖ್ಯಸ್ಥರಿಗೆ ಹತ್ತು ದಿನ ಮುಂಚೆ ಈ ಪದಾರ್ಥಗಳ ಹೆಸರನ್ನೇ ಬರೆದುಕೊಡಿ. ಬೆಣ್ಣೆ ಹಾಕಿದ ಆಲೂಗಡ್ಡೆ, ಕ್ರ್ಯಾನ್‌ಬೆರಿ ಗೊಜ್ಜು, ಜೋಳ, ಸಾರು ಬೆರೆಸದೆ ಬೇರೆಯಾಗಿ ಮಾಡಿದ ಸ್ಟಫಿಂಗ್, ಇವು ಅವರಿಗೆ ಕಷ್ಟವಲ್ಲ. ಮೊಟ್ಟೆಯನ್ನೂ ತಿನ್ನದವರಾದರೆ ಕುಂಬಳಕಾಯಿ ಪೈಯಲ್ಲಿ ಅದು ಇರುತ್ತದೆ ಎಂಬುದು ತಿಳಿದಿರಲಿ.

ಮನೆಯಡುಗೆ ಒಯ್ಯುವ ಮೊದಲು ಹೊರಗಿನ ಆಹಾರದ ನಿಯಮ ಕೇಳಿ. ಡಬ್ಬಿಯ ಮೇಲೆ ಹೆಸರು, ಪದಾರ್ಥ, ತಾರೀಖು ಬರೆಯಿರಿ. ಬೇಯಿಸಿದ ಅಡುಗೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಮಿಕ್ಕದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ, ಅಷ್ಟೆ. ಅಮ್ಮ ಹಾಸಿಗೆಯ ಪಕ್ಕದ ಖಾನೆಯಲ್ಲಿ ಹೋಳಿಗೆ ಬಚ್ಚಿಡುವವರಾದರೆ ಹೋಗುವಾಗ ಒಮ್ಮೆ ತೆಗೆದು ನೋಡಿ.

ಕೆಲವು ಸಂಗತಿಗಳಲ್ಲಿ ಪ್ರೀತಿಗಿಂತ ನರ್ಸ್ ಮಾತು ದೊಡ್ಡದು. ನುಂಗಲು ತೊಂದರೆ ಇರುವವರಿಗೆ ಮೃದು ಅಥವಾ ನುಣ್ಣಗೆ ಅರೆದ ಆಹಾರವನ್ನೇ ಕೊಡಬೇಕೆಂದು ಆದೇಶವಿರುತ್ತದೆ, ನೀರನ್ನೂ ದಪ್ಪ ಮಾಡಿ ಕೊಡುತ್ತಾರೆ. ‘ಒಂದು ಚೂರು ಚಕ್ಕುಲಿಯಿಂದ ಏನಾಗುತ್ತದೆ’ ಎಂದು ಬಾಯಿಗಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅವರಿಗೆ ತೆಳ್ಳಗಿನ ಪಾಯಸಕ್ಕಿಂತ ಗಟ್ಟಿಯಾಗಿ ಅರೆದ ಗೆಣಸಿನ ಸಿಹಿ ಸುರಕ್ಷಿತ, ಅದನ್ನೂ ಕೇಳಿಯೇ ಕೊಡಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಹಬ್ಬದ ನೆಪದಲ್ಲಿ ಒಮ್ಮೆಲೇ ಹೆಚ್ಚು ಸೊಪ್ಪು ತಿಂದರೆ ಔಷಧದ ಪರಿಣಾಮ ಏರುಪೇರಾಗುತ್ತದೆ. ಹೃದಯದ ತೊಂದರೆ ಇರುವವರಿಗೆ ಉಪ್ಪಿನಕಾಯಿ, ಹಪ್ಪಳ ಎರಡೂ ಒಂದೇ ಊಟದಲ್ಲಿ ಬೇಡ.

ಹಂತ 6: ಕೋಣೆಯ ಅಲಂಕಾರ

ದೀಪಾವಳಿಯೂ ಇದೇ ಋತುವಿನಲ್ಲಿ ಬರುವುದರಿಂದ ಎರಡು ಹಬ್ಬಗಳ ಅಲಂಕಾರವನ್ನು ಒಟ್ಟಿಗೇ ಯೋಚಿಸಬಹುದು. ನಿಜವಾದ ಬೆಂಕಿಯ ದೀಪ, ಮೇಣದಬತ್ತಿಗಳಿಗೆ ಸಾಮಾನ್ಯವಾಗಿ ಅನುಮತಿ ಇಲ್ಲ. ಊದುಬತ್ತಿಯ ಹೊಗೆಗೆ ಹೊಗೆಸೂಚಕ ಕೂಗಿಕೊಂಡು ಇಡೀ ಮಹಡಿಯ ಹಿರಿಯರು ಹೊರಗೆ ಬರಬೇಕಾದೀತು. ಬ್ಯಾಟರಿಯ ಹಣತೆ ಇಡಿ, ಬಣ್ಣದ ಪುಡಿಯ ಬದಲು ಅಂಟಿಸುವ ರಂಗೋಲಿ ಹಾಕಿ. ಪುಡಿ ನೆಲದ ಮೇಲೆ ಜಾರುತ್ತದೆ. ಬಾಗಿಲಿಗೆ ಒಣ ಎಲೆಗಳ ತೋರಣ ಕಟ್ಟುವ ಕೆಲಸವನ್ನು ಮೊಮ್ಮಕ್ಕಳಿಗೆ ಬಿಡಿ, ಎಲ್ಲಿ ಏನು ಇರಬೇಕು ಎಂಬ ತೀರ್ಮಾನ ಮಾತ್ರ ಅಜ್ಜಿಯದು.

ಮೆಮೊರಿ ಕೇರ್‌ನಲ್ಲಿ ಪ್ಲಾಸ್ಟಿಕ್ ಹಣ್ಣು, ಗಾಜಿನ ಮಣಿ, ಒಣಬೀಜಗಳ ಅಲಂಕಾರ ಬೇಡವೇ ಬೇಡ. ತಿನ್ನುವ ವಸ್ತುವೆಂದು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ.

ಹಂತ 7: ಆ ದಿನ

ಕರೆಯೋಲೆಯಿಂದ ಆರಂಭವಾಗಲಿ. ‘ನನ್ನ ಮನೆಗೆ ಊಟಕ್ಕೆ ಬನ್ನಿ’ ಎಂದು ಅಮ್ಮನ ಕೈಬರಹದಲ್ಲಿ ಒಂದು ಚೀಟಿ, ಬರೆಯಲಾಗದಿದ್ದರೆ ಅವರ ಧ್ವನಿಯಲ್ಲಿ ಒಂದು ಸಂದೇಶ, ಎಲ್ಲ ಮಕ್ಕಳಿಗೂ ಹೋಗಲಿ. ಆ ಮಹಡಿಯಲ್ಲಿ ಅಂದು ಯಾರೂ ಬಾರದ ಒಬ್ಬರಾದರೂ ಇರುತ್ತಾರೆ. ಅವರನ್ನು ನಿಮ್ಮ ಮೇಜಿಗೆ ಕರೆಯುವಂತೆ ಅಮ್ಮನಿಗೆ ಸೂಚಿಸಿ. ಕರೆಯುವುದು ನೀವಾಗಬೇಡಿ, ಅವರೇ ಕರೆಯಲಿ. ಊಟದ ಸಂಖ್ಯೆಗೆ ಈ ಒಬ್ಬರನ್ನೂ ಮೊದಲೇ ಸೇರಿಸಿರಬೇಕು.

ಎಲ್ಲರೂ ಒಟ್ಟಿಗೆ ನುಗ್ಗಬೇಡಿ. ಹತ್ತು ಜನ ಒಂದೇ ಸಲ ಮಾತನಾಡಿದರೆ ಶ್ರವಣ ಸಾಧನ ಹಾಕಿಕೊಂಡವರಿಗೆ ಅದು ಬರೀ ಗದ್ದಲ. ಅವರ ಬೆನ್ನು ಗೋಡೆಯ ಕಡೆಗಿರುವಂತೆ, ಮುಖಗಳೆಲ್ಲ ಕಾಣುವಂತೆ ಕೂರಿಸಿ. ಸಾಧನದ ಬ್ಯಾಟರಿ ಬೆಳಿಗ್ಗೆಯೇ ನೋಡಿರಿ. ಒಂದೂವರೆ ಎರಡು ಗಂಟೆಯಲ್ಲಿ ಅವರಿಗೆ ದಣಿವಾಗುತ್ತದೆ. ಊಟಕ್ಕೆ ಒಂದು ಗುಂಪು, ಮಧ್ಯಾಹ್ನದ ಕಾಫಿಗೆ ಇನ್ನೊಂದು ಗುಂಪು ಎಂದು ಹಂಚಿಕೊಂಡರೆ ನಡುವೆ ವಿಶ್ರಾಂತಿ ಸಿಗುತ್ತದೆ. ಜ್ವರ, ಕೆಮ್ಮು ಇರುವವರು ಬರಲೇಬೇಡಿ. ವಾಂತಿ ಭೇದಿ ತರುವ ನೊರೋವೈರಸ್‌ಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರಿನಲ್ಲಿ ಕೈ ತೊಳೆದೇ ಒಳಗೆ ಹೋಗಿ.

ಅವರಿಗೊಂದು ಕೆಲಸ ಕೊಡಿ. ನಿಜವಾದ ಕೆಲಸ. ಕರವಸ್ತ್ರ ಮಡಚುವುದು, ಸಿಹಿ ಹಂಚುವುದು, ಊಟಕ್ಕೆ ಮೊದಲು ಶ್ಲೋಕವೋ ವಚನವೋ ಹೇಳುವುದು, ಯಾರು ಎಲ್ಲಿ ಕೂರಬೇಕೆಂದು ಹೇಳುವುದು. ಕೈ ನಡುಗಿ ಒಂದಿಷ್ಟು ಚೆಲ್ಲಿದರೆ ಚೆಲ್ಲಲಿ, ‘ಬಿಡಮ್ಮಾ, ನಾನು ಮಾಡುತ್ತೇನೆ’ ಎಂದು ಕೈಯಿಂದ ಕಸಿದುಕೊಳ್ಳಬೇಡಿ.

ಮೇಜಿನ ಸುತ್ತ ಒಬ್ಬೊಬ್ಬರೂ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳುವ ರೂಢಿ ಇಲ್ಲಿದೆ. ಇದು ನಮ್ಮ ಹಿರಿಯರಿಗೆ ಮುಜುಗರದ ವಿಷಯ. ನಮ್ಮಲ್ಲಿ ಉಪಕಾರ ಸ್ಮರಣೆ ಇದ್ದೇ ಇದೆ, ಅದನ್ನು ಸಾಲಾಗಿ ಹೇಳಿಸುವ ಅಭ್ಯಾಸ ಇಲ್ಲ. ‘ನೀವು ಯಾವುದಕ್ಕೆ ಥ್ಯಾಂಕ್‌ಫುಲ್?’ ಎಂದು ಮೊಮ್ಮಗ ಕೇಳಿದರೆ ‘ದೇವರು ಚೆನ್ನಾಗಿಟ್ಟಿದ್ದಾನೆ’ ಎಂದು ಮುಗಿಸಿಬಿಡುತ್ತಾರೆ. ಪ್ರಶ್ನೆಯನ್ನು ಬದಲಿಸಿ: ‘ನಿಮ್ಮ ಕಷ್ಟಕಾಲದಲ್ಲಿ ಕೈ ಹಿಡಿದವರು ಯಾರು?’ ಎಂದು ಕೇಳಿ. ಆಗ ಹೆಸರು ಬರುತ್ತದೆ, ಊರು ಬರುತ್ತದೆ, ಕಥೆ ಬರುತ್ತದೆ. ಕನ್ನಡದಲ್ಲೇ ಹೇಳಲಿ; ಮಕ್ಕಳಿಗೆ ಒಬ್ಬರು ಇಂಗ್ಲಿಷಿನಲ್ಲಿ ತಿಳಿಸಿದರಾಯಿತು. ಸ್ಟೋರಿಕೋರ್ ಎಂಬ ಸಂಸ್ಥೆ 2015ರಿಂದ ಈ ವಾರಾಂತ್ಯದಲ್ಲಿ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಶಾಲಾ ಮಕ್ಕಳನ್ನು ಹುರಿದುಂಬಿಸುತ್ತಿದೆ. ನಿಮ್ಮ ಮೊಬೈಲ್‌ನಲ್ಲೂ ಮಾಡಬಹುದು. ಅನುಮತಿ ಕೇಳಿ, ಟಿವಿ ಆರಿಸಿ, ಮೊಬೈಲನ್ನು ಅವರ ಹತ್ತಿರವಿಟ್ಟು, ಅವರು ಸುಮ್ಮನಾದಾಗ ಮುಂದಿನ ಪ್ರಶ್ನೆಗೆ ಆತುರಪಡದೆ ಕಾಯಿರಿ.

ಮರೆವಿನ ಕಾಯಿಲೆ ಇರುವವರಿಗೆ ‘ನನ್ನ ಹೆಸರೇನು ಹೇಳಿ’, ‘ನೆನಪಿದೆಯಾ’ ಎಂಬ ಪರೀಕ್ಷೆಗಳು ಬೇಡ. ‘ನಾನು ನಿಮ್ಮ ಮಗಳು, ಮೊಮ್ಮಗಳನ್ನೂ ಕರೆತಂದಿದ್ದೇನೆ’ ಎಂದು ನೀವೇ ಹೇಳಿಬಿಡಿ. ತೀರಿಕೊಂಡವರನ್ನು ಕೇಳಿದರೆ ಸಾವಿನ ಸುದ್ದಿಯನ್ನು ಮತ್ತೆ ಹೊಸದಾಗಿ ಹೇಳದೆ, ‘ಅವರ ಕೈಯಡುಗೆ ಹೇಗಿರುತ್ತಿತ್ತು?’ ಎಂದು ಮಾತು ಮುಂದುವರಿಸಿ. ಹಳೆಯ ಹಾಡು, ಬಾಲ್ಯದಲ್ಲಿ ಕಲಿತ ಪದ್ಯಗಳು ಬಹಳ ಕಾಲ ಉಳಿದಿರುತ್ತವೆ. ನೀವು ಮೊದಲ ಸಾಲು ಹಾಡಿ ನೋಡಿ.

ಹಂತ 8: ಸಿಬ್ಬಂದಿಗೆ ಧನ್ಯವಾದ

ಅಂದು ಕೆಲಸಕ್ಕೆ ಬಂದಿರುವ ಅಡುಗೆಯವರು, ಸಹಾಯಕಿಯರು, ಶುಚಿ ಮಾಡುವವರು ತಮ್ಮ ಮನೆಯ ಹಬ್ಬ ಬಿಟ್ಟು ಬಂದಿರುತ್ತಾರೆ. ಅವರಲ್ಲಿ ನಮ್ಮಂತೆಯೇ ಬೇರೆ ದೇಶಗಳಿಂದ ಬಂದವರು ಅನೇಕರು.

ಕೈಗೆ ದುಡ್ಡು ಕೊಡಬೇಡಿ. ಬಹುತೇಕ ವಸತಿಗಳಲ್ಲಿ ಸಿಬ್ಬಂದಿ ಹಣ ಅಥವಾ ಬೆಲೆಬಾಳುವ ಉಡುಗೊರೆ ಪಡೆಯುವಂತಿಲ್ಲ, ಪಡೆದದ್ದು ಗೊತ್ತಾದರೆ ಕೆಲಸಕ್ಕೇ ಕುತ್ತು. ಇದಕ್ಕಾಗಿಯೇ ಹಲವೆಡೆ ನಿವಾಸಿಗಳ ಸಂಘ ಒಂದು ನಿಧಿ ನಡೆಸುತ್ತದೆ. ಶರತ್ಕಾಲದಲ್ಲಿ ನಿವಾಸಿಗಳಿಂದ ದೇಣಿಗೆ ಸಂಗ್ರಹಿಸಿ, ವರ್ಷಾಂತ್ಯಕ್ಕೆ ಸಿಬ್ಬಂದಿಗೆ ಹಂಚುತ್ತಾರೆ. ಯಾರು ಎಷ್ಟು ಕೊಟ್ಟರು ಎಂಬುದು ಸಾಮಾನ್ಯವಾಗಿ ಗುಟ್ಟಾಗಿರುತ್ತದೆ. ಕೊನೆಯ ತಾರೀಖು ಕೇಳಿಕೊಂಡು, ಚೆಕ್ಕನ್ನು ಹಿರಿಯರಿಂದಲೇ ಬರೆಸಿ.

ಹಣಕ್ಕಿಂತ ಹೆಚ್ಚು ಕಾಲ ಉಳಿಯುವುದು ಪತ್ರ. ‘ಎಲ್ಲರಿಗೂ ಧನ್ಯವಾದ’ ಎಂಬ ಪತ್ರ ಯಾರಿಗೂ ತಲುಪುವುದಿಲ್ಲ. ವ್ಯಕ್ತಿಯ ಹೆಸರು, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ, ಅದರಿಂದ ಆದ ಉಪಕಾರ, ಇವು ಮೂರೂ ಇರಲಿ. ‘ರಾತ್ರಿ ನಿದ್ದೆ ಬಾರದೆ ಕೂತಿದ್ದಾಗ ನೀವು ಬಂದು ಕಿಟಕಿಯ ಪರದೆ ಸರಿಸಿ ಚಂದ್ರನನ್ನು ತೋರಿಸಿದಿರಿ’ ಎಂದು ಅಪ್ಪ ಕನ್ನಡದಲ್ಲಿ ಹೇಳಲಿ, ನೀವು ಇಂಗ್ಲಿಷಿನಲ್ಲಿ ಬರೆಯಿರಿ, ಸಹಿ ಅಪ್ಪನದು. ಒಂದು ಪ್ರತಿಯನ್ನು ವಸತಿಯ ನಿರ್ದೇಶಕರಿಗೂ ಕೊಡಿ. ಅದು ಆ ನೌಕರರ ಕಡತ ಸೇರಿದರೆ ಬಡ್ತಿಯ ಹೊತ್ತಿನಲ್ಲಿ ನೆರವಾದೀತು. ರಾತ್ರಿ ಪಾಳಿಯವರನ್ನು, ಬಟ್ಟೆ ಒಗೆಯುವವರನ್ನು ಮರೆಯಬೇಡಿ. ನಿಮ್ಮ ಕಣ್ಣಿಗೆ ಬೀಳದ ಇವರನ್ನು ಅಪ್ಪ ಹೆಸರು ಹಿಡಿದು ಬಲ್ಲರು, ಅವರನ್ನೇ ಕೇಳಿ.

ಸಿಹಿ ಡಬ್ಬಿ ಒಯ್ಯುವುದಾದರೆ ಸಿಬ್ಬಂದಿಯ ವಿಶ್ರಾಂತಿ ಕೋಣೆಗೆ ಕೊಡಿ. ಗೋಡಂಬಿ, ಬಾದಾಮಿ, ಹಾಲು ಇದ್ದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಕಡಲೆಕಾಯಿ, ಬೀಜಗಳ ಅಲರ್ಜಿ ಇಲ್ಲಿ ಸಾಮಾನ್ಯ. ರಾತ್ರಿ ಪಾಳಿಗೆ ಬೇರೆಯೇ ಒಂದು ಡಬ್ಬಿ ಇಡಿ, ಇಲ್ಲವಾದರೆ ಸಂಜೆಯೊಳಗೆ ಖಾಲಿಯಾಗಿರುತ್ತದೆ.

ಹಂತ 9: ಹೊರಡುವ ಮುನ್ನ

ಶ್ರವಣ ಸಾಧನ, ಹಲ್ಲಿನ ಸೆಟ್, ಕನ್ನಡಕ ಮೂರೂ ಕೋಣೆಯಲ್ಲಿವೆಯೇ ನೋಡಿ. ಹಬ್ಬದ ಗಡಿಬಿಡಿಯಲ್ಲಿ ಕಾಗದದ ಕರವಸ್ತ್ರದೊಳಗೆ ಸುತ್ತಿಕೊಂಡು ಕಸಕ್ಕೆ ಹೋಗುವುದು ಇವೇ. ಊಟ ಎಷ್ಟು ಮಾಡಿದರು, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟಿರಿ ಎಂದು ನರ್ಸ್‌ಗೆ ತಿಳಿಸಿ.

ಬೀಳ್ಕೊಡುವುದನ್ನು ಉದ್ದ ಮಾಡಬೇಡಿ. ಗುಂಪು ಕರಗಿದ ಮೇಲಿನ ಶುಕ್ರವಾರ, ಶನಿವಾರಗಳೇ ಅವರಿಗೆ ಭಾರವಾದ ದಿನಗಳು. ಗುರುವಾರ ಬರಲಾಗದ ಮಗನೋ ಸೊಸೆಯೋ ಇದ್ದರೆ ಶನಿವಾರ ಬರುವಂತೆ ಮೊದಲೇ ಹಂಚಿಕೊಳ್ಳಿ. ಮುಂದಿನ ಭೇಟಿಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಅವರೆದುರಿಗೇ ಬರೆಯಿರಿ. ಸ್ವಾಗತ ಮೇಜಿನ ಬಳಿ ಒಂದು ನಿಮಿಷ ನಿಂತು ಡಿಸೆಂಬರ್ ಊಟಕ್ಕೆ ಹೆಸರು ಕೊಡಲು ಯಾವಾಗಿನಿಂದ ಆರಂಭ ಎಂದು ಕೇಳಿಕೊಂಡು ಹೊರಡಿ.